ಅಂಚಿನ ತೂಕ

ದರ್ಜಿಯ ಕಣ್ಣು ಹೆಂಡತಿಯ ನಿಲುವಂಗಿಯ ಅಂಚು ಬಿಟ್ಟು ಕದಲಲಿಲ್ಲ. ತೂಕದ ಯಂತ್ರ ಆಸ್ಪತ್ರೆಯ ಪಡಸಾಲೆಯ ಆ ತುದಿಯಲ್ಲಿತ್ತು.

“ಮೆಲ್ಲಗೆ ನಡಿ. ಕುರ್ಚಿಗೆ ತಾಗಿಸ್ಬೇಡ, ಸದ್ದಾಗುತ್ತೆ,” ಎಂದು ಪಿಸುಗುಟ್ಟಿದ.

“ಆಗಲ್ಲ, ಸುಮ್ನಿರ್ರೀ,” ಎಂದಳು ಅವಳು.

ನಿನ್ನೆ ಸಂಜೆ ಆ ಅಂಚಿನೊಳಗೆ ಅವನು ಸೀಸದ ಬಿಲ್ಲೆಗಳನ್ನು ಸಾಲಾಗಿಟ್ಟು ಹೊಲಿದಿದ್ದ. ಕಿಟಕಿಯ ಪರದೆ ಗಾಳಿಗೆ ಹಾರದಿರಲೆಂದು ಕೆಳಗೆ ಸೇರಿಸುವ ಬಿಲ್ಲೆಗಳು. ಎಲ್ಲ ಸೇರಿ ಒಂದೂವರೆ ಕಿಲೋ. ಜೀವಮಾನದಲ್ಲಿ ಒಂದು ಗೇಣು ಬಟ್ಟೆ ಕದಿಯದ ಮನುಷ್ಯ, ಇಂದು ಕಳ್ಳನ ಹಾಗೆ ಬೆವರುತ್ತಿದ್ದ.

ಬೇರೆ ದಾರಿ ಇರಲಿಲ್ಲ. ಅವಳ ಕಾಯಿಲೆಗೆ ಇದ್ದಬದ್ದ ಔಷಧಿಗಳೆಲ್ಲ ಸೋತಿದ್ದವು. ಉಳಿದಿದ್ದು ಪ್ರಯೋಗದಲ್ಲಿರುವ ಈ ಹೊಸ ಔಷಧಿಯೊಂದೇ. ಅದಕ್ಕೆ ಸೇರಿಸಿಕೊಳ್ಳುವ ಮುಂಚೆ ಮೈಯೆಲ್ಲ ಪರೀಕ್ಷೆ. ಡಾಕ್ಟರು ಷರತ್ತುಗಳನ್ನು ಬಿಡಿಸಿ ಹೇಳಿದ್ದರು: ರಕ್ತ ಸರಿಯಾಗಿರಬೇಕು, ಹೊಟ್ಟೆಯಲ್ಲಿ ನೀರು ತುಂಬಿರಬಾರದು, ತೂಕ ನಲವತ್ತು ಕಿಲೋಗಿಂತ ಕೆಳಗಿಳಿದಿರಬಾರದು. ದರ್ಜಿಯ ತಲೆಯಲ್ಲಿ ನಿಂತದ್ದು ಕೊನೆಯದೊಂದೇ. ಹೋದ ತಿಂಗಳು ತೂಗಿದಾಗ ಅವಳು ಮೂವತ್ತೊಂಬತ್ತಿದ್ದಳು. ಆಮೇಲೆ ಯಂತ್ರ ಹತ್ತಲು ಒಪ್ಪಿರಲಿಲ್ಲ.

ಅಂದಿನಿಂದ ಹೊಲಿಗೆ ಬಿಟ್ಟು ಒಲೆ ಹಿಡಿದಿದ್ದ. ಹಾಲು, ಮೊಟ್ಟೆ, ಬಾಳೆಹಣ್ಣು. ಅವಳು ಎರಡು ತುತ್ತಿಗೇ ಸಾಕೆನ್ನುತ್ತಿದ್ದಳು, ಇವನು ಬಿಡುತ್ತಿರಲಿಲ್ಲ. ಹೋದ ವಾರ ಇದೇ ನಿಲುವಂಗಿ ಸೊಂಟದಲ್ಲಿ ಬಿಗಿಯಾಯಿತೆಂದಾಗ ಹಿಗ್ಗಿಹೋಗಿ, ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲ ಬಿಟ್ಟಿದ್ದ.

“ನೋಡು, ನನ್ನ ಅಡುಗೆ ಮೈಗೆ ಹತ್ತಿದೆ!”

“ತೋಳು ದೊಗಳೆ ಆಗಿದೆಯಲ್ಲ?”

“ತಿಂದಿದ್ದು ಮೊದಲು ಹೊಟ್ಟೆಗೆ ಹೋಗುತ್ತೆ ಕಣೆ. ತೋಳಿನ ಸರದಿ ಆಮೇಲೆ,” ಎಂದು ನಗುತ್ತ ತೋಳನ್ನು ಒಳಕ್ಕೆ ಹಿಡಿದು ಹೊಲಿದಿದ್ದ.

ಆದರೂ ಅಡುಗೆಯೊಂದನ್ನೇ ನಂಬಿ ಕೂರಲು ಧೈರ್ಯ ಬರಲಿಲ್ಲ. ಬಿಲ್ಲೆ ಹೊಲಿಯುವಾಗ ಅವಳು ಎದುರು ಬಂದು ಕೂತಿದ್ದಳು. “ಬೇಡಾರೀ. ಆ ನರ್ಸು ನನ್ನನ್ನ ಅಮ್ಮಾ ಅಂತಾಳೆ. ಅವಳ ಕಣ್ಣಿಗೆ ಮಣ್ಣೆರಚೋದಾ?”

“ನೀನು ಇರ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ.” ಅವನು ಸೂಜಿಯಿಂದ ಕಣ್ಣೆತ್ತಿರಲಿಲ್ಲ. ಅವಳು ಎದ್ದು ಒಳಗೆ ಹೋಗಿದ್ದಳು.

“ಚಪ್ಪಲಿ ಬಿಟ್ಟು ಹತ್ತಿ ಅಮ್ಮಾ,” ಎಂದಳು ತೂಕದ ಯಂತ್ರದ ಬಳಿಯಿದ್ದ ನರ್ಸು.

ಅವಳು ಹತ್ತಿದಳು. ದರ್ಜಿ ಉಸಿರು ಬಿಗಿಹಿಡಿದ.

“ನಲವತ್ತೊಂದು! ನಿಮ್ಮ ಯಜಮಾನ್ರು ಚೆನ್ನಾಗೇ ನೋಡ್ಕೊಂಡಿದಾರೆ.”

“ಹೌದಮ್ಮಾ. ಏನೇನೋ ಮಾಡ್ತಾರೆ, ಪಾಪ,” ಎಂದು ಹೆಂಡತಿ ಅವನತ್ತ ನೋಡಿದಳು. ಅವನು ನೆಲ ನೋಡಿದ.

ಮುಂದಿನದು ಸ್ಕ್ಯಾನಿಂಗ್. ಅಲ್ಲಿ ಆಸ್ಪತ್ರೆಯ ಬಟ್ಟೆ ತೊಡಬೇಕು. ದರ್ಜಿಗೆ ಇದು ಹೊಳೆದೇ ಇರಲಿಲ್ಲ. ಒಳಗಿನಿಂದ ಮಡಿಸಿದ ನಿಲುವಂಗಿ ಹಿಡಿದು ನರ್ಸೇ ಹೊರಬಂದಳು. ಭಾರ ಅವಳ ಕೈಗೆ ಗೊತ್ತಾಗದಿರುತ್ತದೆಯೇ? ಎಲ್ಲ ಮುಗಿಯಿತು.

“ತಗೊಳ್ಳಿ,” ಎಂದು ಕೊಟ್ಟು ಅವಳು ಒಳಗೆ ಹೋದಳು. ಅಷ್ಟೇ.

ನಿಲುವಂಗಿ ಹಗುರವಾಗಿತ್ತು. ಅವನು ಅಂಚನ್ನು ಹಿಸುಕಿ ನೋಡಿದ. ಬರೀ ಬಟ್ಟೆ. ಹೊಲಿಗೆಯನ್ನು ಯಾರೋ ಬಿಚ್ಚಿ ಮತ್ತೆ ಹಾಕಿದ್ದರು, ಅಂಕುಡೊಂಕಾಗಿ. ಮೂವತ್ತು ವರ್ಷ ದರ್ಜಿಯ ಜೊತೆ ಬಾಳಿಯೂ ನೇರ ಹೊಲಿಗೆ ಬಾರದವಳು ಲೋಕದಲ್ಲಿ ಒಬ್ಬಳೇ. ಬೆಳಗಿನಿಂದ ತಾನೇ ಹೊತ್ತಿದ್ದ ಅವಳ ಚೀಲಕ್ಕೆ ಕೈಹಾಕಿದರೆ, ಕರವಸ್ತ್ರದ ಗಂಟಿನಲ್ಲಿ ಬಿಲ್ಲೆಗಳು ಬೆಚ್ಚಗೆ ಕೂತಿದ್ದವು.

ಅಂದರೆ ನಲವತ್ತೊಂದೂ ಅವಳದೇ! ಮೋಸವಿಲ್ಲ, ಸುಳ್ಳಿಲ್ಲ. ಅವನಿಗೆ ನಗು ಬಂತು, ಹಿಂದೆಯೇ ಅಳು ಬಂತು. ಪಕ್ಕದಲ್ಲಿ ಕೂತಿದ್ದವರು ನೋಡಿದರೂ ಕಣ್ಣೊರೆಸಿಕೊಳ್ಳಲಿಲ್ಲ. ಮನೆಗೆ ಹೋದ ಮೇಲೆ ಅವಳನ್ನು ಬೈಯಬೇಕು, ಆಮೇಲೆ ಹೊಸ ನಿಲುವಂಗಿ ಹೊಲಿದುಕೊಡಬೇಕು.

ಅಭ್ಯಾಸಬಲದಿಂದ ಅವನ ಬೆರಳು ಬಟ್ಟೆಯ ಮೇಲೆ ಅಳತೆ ಹಾಕುತ್ತ ಹೋಯಿತು. ಒಳಕ್ಕೆ ಹಿಡಿದ ತೋಳು. ಸಡಿಲ ಬಿಟ್ಟ ಸೊಂಟ. ಮತ್ತೆ ತೋಳು, ಮತ್ತೆ ಸೊಂಟ. ಅಲ್ಲಿ ಬೆರಳು ನಿಂತುಬಿಟ್ಟಿತು.

ಬಾಗಿಲು ತೆರೆದು ಬಂದ ನರ್ಸು ಅವನ ಮುಖ ನೋಡಲಾರದೆ ಹೇಳಿದಳು: “ಆ ತೂಕ ಅಮ್ಮನದಲ್ಲ ಯಜಮಾನ್ರೆ, ಹೊಟ್ಟೆ ತುಂಬಾ ನೀರಿದೆ.”