ಎರಡು ಕೊಳವೆ ಉಗುಳು

“ನೀವಿಬ್ಬರೂ ಅವಳಿಗಳಾ?” ತಪಾಸಣಾ ಕೇಂದ್ರದ ನರ್ಸ್ ಟೈಲರಿಂಗ್ ಅಂಗಡಿಯ ಹೊಸ್ತಿಲು ದಾಟುತ್ತಲೇ ಕೇಳಿದಳು.

ತಂಗಿ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ಹತ್ತು ದಿನದಿಂದ ಮುಳ್ಳಿನ ಮೇಲೆ ಕೂತವಳಂತೆ ಹೊಲಿಯುತ್ತಿದ್ದಳು. ಬೆಳಗ್ಗೆಯಿಂದ ಒಂದೇ ತೋಳನ್ನು ಎರಡು ಸಲ ಉಲ್ಟಾ ಕೂಡಿಸಿ ಬಿಚ್ಚಿದ್ದಳು. ಆಗಲೇ ಅಕ್ಕನಿಗೊಂದು, ತನಗೊಂದು ಪತ್ರ ಬಂದಿತ್ತು. ಉಗುಳಿನ ಪರೀಕ್ಷೆಯಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ಕಂಡಿದೆ, ಎಲ್ಲರಂತೆ ಮೂರು ವರ್ಷಕ್ಕೊಮ್ಮೆ ಬಂದರೆ ಸಾಲದು, ಪ್ರತಿವರ್ಷ ಸ್ಕ್ಯಾನಿಂಗಿಗೆ ಬರಬೇಕು ಎಂದು ಎರಡರಲ್ಲೂ ಇತ್ತು.

“ಅವಳಿ ಎಲ್ಲಿಂದ ಬಂತು ಸಿಸ್ಟರ್? ನನಗಿಂತ ಐದು ವರ್ಷ ಚಿಕ್ಕವಳು,” ಕಾಜಾ ಹಾಕುತ್ತಿದ್ದ ಅಕ್ಕ ಹೇಳಿದಳು. “ಮುಖ ನೋಡಿದೋರಿಗೆ ಉಲ್ಟಾ ಅನ್ನಿಸುತ್ತೆ, ಅಷ್ಟೆ.”

ನರ್ಸ್ ನಗಲಿಲ್ಲ. “ಲ್ಯಾಬಿನೋರು ನಿಮ್ಮಿಬ್ಬರ ಫಲಿತಾಂಶಾನೂ ಪಕ್ಕಪಕ್ಕ ಇಟ್ಟು ನೋಡಿದಾರೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅವಳಿ ಅಲ್ಲ ಅಂದ್ರೆ ಎರಡು ಕೊಳವೆಗೂ ಉಗುಳಿದ್ದು ಒಬ್ಬರೇ. ಯಾರು?”

ಒಬ್ಬಳು ಕತ್ತರಿಸಿದ್ದನ್ನು ಇನ್ನೊಬ್ಬಳು ಹೊಲಿದು ಮುಗಿಸುವ ಅಂಗಡಿ ಅದು. ಉಗುಳು ಕೊಡಬೇಕಿದ್ದ ದಿನ ತಂಗಿ ಆಗಷ್ಟೇ ಟೀ ಕುಡಿದಿದ್ದಳು. ಏನಾದರೂ ಕುಡಿದರೆ ಅರ್ಧ ಗಂಟೆ ಕಾಯಬೇಕೆಂಬ ನಿಯಮ. ಶಾಲೆಯ ಸಮವಸ್ತ್ರಗಳು ಸಂಜೆಯೊಳಗೆ ಹೋಗಬೇಕಿತ್ತು. “ಕೊಡೇ ಇಲ್ಲಿ, ಒಂದೇ ಹೊಟ್ಟೇಲಿ ಹುಟ್ಟಿದೋರು, ಉಗುಳು ಮಾತ್ರ ಬೇರೆನಾ?” ಎಂದು ಅಕ್ಕನೇ ಅವಳ ಕೊಳವೆಯನ್ನೂ ತುಂಬಿದ್ದಳು.

“ನಾನೇ,” ಅಂದಳು ಅಕ್ಕ.

“ಹಾಗಾದ್ರೆ ನನ್ನ ಪತ್ರ?” ತಂಗಿಯ ದನಿ ತಾನಾಗಿ ಏರಿತು.

“ಅದೂ ಅವರದೇ. ನಿಮ್ಮದು ಇನ್ನೂ ಗೊತ್ತಿಲ್ಲ. ಅಕ್ಕನಿಗೆ ಇದೆ ಅಂದ್ರೆ ನಿಮಗೆ ಇರೋದು, ಇಲ್ದಿರೋದು ಸಮಸಮ.” ನರ್ಸ್ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹೊಸ ಕೊಳವೆ ಇಟ್ಟಳು. “ಈ ಸಲ ನಾನು ಎದುರಿಗೇ ನಿಂತಿರ್ತೀನಿ.”

ತಂಗಿಯ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಉಳಿದರ್ಧ ಅಲ್ಲೇ ಕೂತಿತು. ತಂಗಿ ಅಳತೆಯ ಟೇಪು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಇಬ್ಬರೂ ಜೊತೇಲಿ ಹೋಗಿ ಬರೋಣ ಬಿಡೇ, ವರ್ಷಕ್ಕೊಂದು ದಿನ ಅಂಗಡಿಗೆ ರಜಾ,” ಎಂದು ಅಕ್ಕ ಈ ಹತ್ತು ದಿನವೂ ಹೇಳುತ್ತಲೇ ಇದ್ದಳು. ಈಗ ಅವಳ ಮುಖ ನೋಡುವ ಧೈರ್ಯ ತಂಗಿಗೆ ಬರಲಿಲ್ಲ.

“ಅಕ್ಕಾ, ನಂದೂ ಹಾಗೇ ಬರಬಹುದು.”

ಅಕ್ಕ ಹಲ್ಲಿನಲ್ಲಿ ದಾರ ಕಡಿದಳು. “ಬರದೇ ಇರ್ಲಿ ಅಂತ ತಾನೇ ಒಳಗೊಳಗೇ ಬೇಡ್ಕೊತಿರೋದು? ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಬೇಡ್ಕೊತಿದ್ದೆ.”

ಅವಳು ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಬೆನ್ನು ಹಾಕಿ ಕೂತಳು.

“ನಗು ಬಂದ್ರೆ ನಕ್ಕುಬಿಡೇ. ನಾನು ನೋಡಲ್ಲ.”