ಅಡ್ಡ ಸಾಲು, ಉದ್ದ ಸಾಲು

ಬಾಸ್ಟನ್ನಿನಿಂದ ಬಂದ ಕಾಗದವನ್ನು ಡೆಬೊರಾ ಫೆನೆಲ್ ಮುದುಕಿ ಚಹಾ ಬಟ್ಟಲುಗಳ ನಡುವಿನಿಂದ ತನ್ನ ಅತಿಥಿಯತ್ತ ತಳ್ಳಿದಳು.

"ಓದು ಮಾರಾಯ. ನನ್ನ ಕಣ್ಣಿಗೆ ಪೊರೆ ಬಂದಿದೆ. ಓದಿ ಹೇಳೋ ಸೊಸೆ ಬಾಣಂತನಕ್ಕೆ ಅಂತ ತವರಿಗೆ ಹೋಗಿ ಕೂತಿದಾಳೆ. ಈ ನೋರಾಗೆ ಅಕ್ಷರ ಬರಲ್ಲ."

"ಬರಲ್ಲ ಬರಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲಮ್ಮ, ಕಲಿಸೋಕೆ ಅಂತ ಒಂದಿನ ಕೂತಿದೀರಾ?" ಎಂದು ಒಲೆಗೆ ಇದ್ದಿಲು ಹಾಕುತ್ತಿದ್ದ ಕೆಲಸದವಳು ನೋರಾ ಕೇಳಿದಳು. ಮುದುಕಿಗೆ ಅದು ಕೇಳಿಸಲಿಲ್ಲ. ಕೇಳಿಸಬಾರದ್ದು ಅವಳಿಗೆ ಎಂದೂ ಕೇಳಿಸುತ್ತಿರಲಿಲ್ಲ.

ಎಫ್ರೈಮ್ ಟಾಲಿವರ್ ಕಾಗದ ಬಿಚ್ಚಿದ. ಆರು ವರ್ಷದ ಹಿಂದೆ ಮೇರಿಲ್ಯಾಂಡಿನ ತಂಬಾಕು ಹೊಲದಿಂದ, ಧಣಿಯ ಕಣ್ಣು ತಪ್ಪಿಸಿ ಓಡಿಬಂದವನು ಅವನು. ಗುಲಾಮಗಿರಿಯ ವಿರುದ್ಧ ಮಾತಾಡಲೆಂದು ಐರ್ಲೆಂಡಿನ ಈ ಕಾರ್ಕ್ ಊರಿಗೆ ಬಂದು ನಾಲ್ಕು ದಿನವಾಗಿತ್ತು. ಮೊದಲ ದಿನ ಮುದುಕಿ ಬಾಯಿ ತೆರೆದದ್ದೇ "ನೀನು" ಎಂದು. ಎಫ್ರೈಮನಿಗೆ ಹಳೆಯ ಧಣಿಯೇ ಎದುರು ನಿಂತಂತಾಗಿ ಮೈ ಉರಿದಿತ್ತು. ಆಮೇಲೆ ತಿಳಿಯಿತು, ಇವಳು ಕ್ವೇಕರ್ ಪಂಥದವಳು, ಇವರಿಗೆ ಬಹುವಚನವೇ ನಿಷಿದ್ಧ, ವಿಕ್ಟೋರಿಯಾ ರಾಣಿ ಬಂದರೂ "ಬಾ, ಕೂತ್ಕೋ" ಎನ್ನುವವರು ಎಂದು.

ಕಾಗದ ಬರೆದವಳು ಲವೀನಿಯಾ ಹೋಲ್‌ಬ್ರುಕ್, ಅವನನ್ನು ಹಡಗು ಹತ್ತಿಸಿ ಕಳಿಸಿದ ಮಹಿಳಾ ಸಂಘದ ಕಾರ್ಯದರ್ಶಿ. ಹಾಳೆ ಹೆಚ್ಚಾದರೆ ಅಂಚೆಯ ಖರ್ಚೂ ಹೆಚ್ಚು ಎಂದು ಆಕೆ ಒಂದೇ ಹಾಳೆಯ ತುಂಬ ಅಡ್ಡಲಾಗಿ ಬರೆದು, ಅದನ್ನೇ ತಿರುಗಿಸಿ, ಆ ಸಾಲುಗಳ ಮೇಲೆಯೇ ಉದ್ದಕ್ಕೆ ಮತ್ತೊಮ್ಮೆ ಬರೆದಿದ್ದಳು. ನೋಡಲು ಬುಟ್ಟಿ ಹೆಣೆದ ಹಾಗಿತ್ತು.

ಅವನು ಅಡ್ಡ ಸಾಲುಗಳಿಂದ ಶುರುಮಾಡಿದ. "'ಪ್ರಿಯ ಡೆಬೊರಾ, ಸಂಘಕ್ಕೆ ಹಣ ಕೂಡಿಸುವ ನಮ್ಮ ಸಂತೆಯಲ್ಲಿ ಮಾರಲು ನೀವೆಲ್ಲ ಹೊಲಿದು ಕಳಿಸಿದ ಪಿನ್ನು ಚುಚ್ಚುವ ಮೆತ್ತೆಗಳು ತಲುಪಿದವು. ಹೋದ ವರ್ಷದ್ದೇ ನೂರಾ ನಲವತ್ತು ಉಳಿದಿವೆ. ಕೈಮುಗಿಯುತ್ತೇನೆ, ಇನ್ನು ಕಳಿಸಬೇಡಿ. ಬಾಸ್ಟನ್ನಿನಲ್ಲಿ ಅಷ್ಟು ಪಿನ್ನುಗಳೇ ಇಲ್ಲ.'"

"ಹೊಟ್ಟೆಕಿಚ್ಚು ಅವಳಿಗೆ," ಎಂದಳು ಮುದುಕಿ. "ಮುಂದೆ ಓದು."

ಎಫ್ರೈಮ್ ಹಾಳೆಯನ್ನು ತಿರುಗಿಸಿ ಉದ್ದ ಸಾಲುಗಳ ಮೇಲೆ ಕಣ್ಣಾಡಿಸಿದ. 'ಆ ಟಾಲಿವರನನ್ನು ಸ್ವಲ್ಪ ಹದ್ದುಬಸ್ತಿನಲ್ಲಿಡು,' ಎಂದಿತ್ತು. 'ಸಭೆಯಲ್ಲಿ ಅವನು ಬೆನ್ನಿನ ಬಾಸುಂಡೆ ತೋರಿಸಿದರೆ ಸಾಕು. ವಿಚಾರವನ್ನು ನಾವು ನೋಡಿಕೊಳ್ಳುತ್ತೇವೆ.' ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಹದಿನೆಂಟು ದಿನ ಕೂತು ಬರೆದ ಭಾಷಣ ಅವನ ಒಳಜೇಬಿನಲ್ಲಿತ್ತು. ಅದರ ತುಂಬ ಬರೀ ವಿಚಾರ. ನಾಳೆಯ ಸಭೆ ಏರ್ಪಡಿಸಿದವಳು ಈ ಮುದುಕಿಯೇ. ಅವಳು ಬೇಡವೆಂದರೆ ಭಾಷಣ ಜೇಬಿನಲ್ಲೇ ಉಳಿಯುತ್ತಿತ್ತು. ಓದು ಕಲಿತ ತಪ್ಪಿಗೆ ಅವನು ಹಿಂದೆ ಚಾಟಿಯೇಟು ತಿಂದಿದ್ದ. ಯಾಕಾದರೂ ಕಲಿತೆನೋ ಎನ್ನಿಸಿದ್ದು ಮಾತ್ರ ಇದೇ ಮೊದಲು.

"ಯಾಕೆ, ಅಕ್ಷರ ಅಳಿಸಿದೆಯಾ?" ಎಂದು ಮುದುಕಿ ಕೇಳಿದಳು.

"ಇಲ್ಲ, ಇಲ್ಲ. 'ಟಾಲಿವರ್ ಅವರನ್ನು... ಚೆನ್ನಾಗಿ ನೋಡಿಕೋ,'" ಎಂದು ಎಫ್ರೈಮ್ ಕಾಗದ ನೋಡುತ್ತಲೇ ಹೊಸೆಯತೊಡಗಿದ. "'ಮಲಗಲು ಮೆತ್ತನೆಯ ದಿಂಬು ಕೊಡು. ಸಭೆಯಲ್ಲಿ ಅವರು ಏನು ಮಾತಾಡಿದರೂ ಅವರಿಷ್ಟ.'"

ನೋರಾ ಇದ್ದಿಲ ಬುಟ್ಟಿ ಕೆಳಗಿಟ್ಟಳು. ಮುದುಕಿ ಬಟ್ಟಲು ಕೆಳಗಿಟ್ಟಳು.

"ಲವೀನಿಯಾ ದಿಂಬು ಕೊಡು ಅಂದಳಾ? ಬೆನ್ನು ಗೂನಾಗುತ್ತೆ ಅಂತ ಕಟ್ಟಿಕೊಂಡ ಗಂಡನಿಗೇ ದಿಂಬು ಕೊಡದವಳು! ಇಪ್ಪತ್ತೆರಡು ವರ್ಷದಿಂದ ನನಗೆ ಕಾಗದ ಬರೀತಿದಾಳೆ, 'ಅವರಿಷ್ಟ' ಅನ್ನೋ ಮಾತು ಒಂದು ಸಲಾನೂ ಬರೆದವಳಲ್ಲ. ಇನ್ನೊಂದು ಸಲ ಓದು. ಈ ಸಲ ಅವಳು ಬರೆದದ್ದನ್ನ ಓದು."

ಎಫ್ರೈಮನಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಬರೆದವಳಿಗಿಲ್ಲದ ನಾಚಿಕೆ ನನಗ್ಯಾಕೆ ಎಂದುಕೊಂಡು ಗಂಟಲು ಸರಿಮಾಡಿಕೊಂಡ. ಹದ್ದುಬಸ್ತನ್ನೂ ಬಾಸುಂಡೆಯನ್ನೂ ಗಟ್ಟಿಯಾಗಿ ಓದಿದ. "'ಅವನ ಇಂಗ್ಲಿಷು ಈಚೆಗೆ ತೀರಾ ನೆಟ್ಟಗಾಗಿದೆ,'" ಎಂದು ಮುಂದುವರಿಸಿದ, "'ಗುಲಾಮನಾಗಿದ್ದವನು ಎಂದರೆ ಜನ ನಂಬುವುದಿಲ್ಲ. ಅಲ್ಲಲ್ಲಿ ತಪ್ಪು ಮಾಡಲು ಹೇಳು. ಹೊಗಳಬೇಡ, ತಲೆಗೇರುತ್ತದೆ. ಈ ಕಾಗದ ಅವನ ಕಣ್ಣಿಗೆ ಬೀಳದಿರಲಿ.'"

"ಬೀಳಲಿಲ್ಲ ಬಿಡಿ, ಸ್ವಾಮಿ," ಎಂದಳು ನೋರಾ.

ಮುದುಕಿ ಮಾತ್ರ ನಗಲಿಲ್ಲ. "ನಿನ್ನ ಭಾಷಣ ಎಷ್ಟು ಹೊತ್ತಿನದು?" ಎಂದು ಕೇಳಿದಳು.

"ಒಂದೂವರೆ ಗಂಟೆ."

"ಅರ್ಧ ಗಂಟೆ ಕಡಿಮೆ ಮಾಡು. ನಿನ್ನ ವಿಚಾರಕ್ಕಲ್ಲ ಮಾರಾಯ, ನಮ್ಮೂರ ಬೆಂಚು ಗಟ್ಟಿ. ಉಳಿದದ್ದು ಏನು ಬೇಕಾದರೂ ಮಾತಾಡು. ಅಂಗಿ ಬಿಚ್ಚೋದು ಬೇಡ, ಇದು ಅಕ್ಟೋಬರು, ಚಳಿ. ಈಗ ಲೇಖನಿ ತಗೋ, ಉತ್ತರ ಬರಿ."

"ನಾನಾ? ನನ್ನ ಅಕ್ಷರ ಆಕೆಗೆ ಚೆನ್ನಾಗಿ ಗೊತ್ತು ತಾಯಿ. ನೋಡಿದ ಕೂಡಲೇ ತಿಳಿದುಬಿಡುತ್ತೆ."

"ತಿಳೀಲಿ. ದುಂಡಗೆ ಬರಿ. ಒಂದು ತಪ್ಪೂ ಇರಕೂಡದು."

ಎಫ್ರೈಮ್ ಲೇಖನಿಯನ್ನು ಮಸಿಗೆ ಅದ್ದಿದ. ಮುದುಕಿ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು: "ಪ್ರಿಯ ಲವೀನಿಯಾ, ನಿನ್ನ ಕಾಗದ ತಲುಪಿತು. ಅದನ್ನು ಎಫ್ರೈಮನೇ ನನಗೆ ಎರಡು ಸಲ ಓದಿ ಹೇಳಿದ. ಮೊದಲ ಸಲ ಓದಿದ್ದೇ ಚೆನ್ನಾಗಿತ್ತು."