ಬಸ್ ನಿಲ್ದಾಣದ ಅಂಕಿ

ಆ ಊರಿನಲ್ಲಿ ಚುನಾವಣೆ ನಿಂತುಹೋಗಿ ಹನ್ನೊಂದು ವರ್ಷವಾಗಿತ್ತು. ಈಗ ವರ್ಷಕ್ಕೊಮ್ಮೆ ಪ್ರಬಂಧ ಪರೀಕ್ಷೆ ನಡೆಯುತ್ತಿತ್ತು. ಹೆಚ್ಚು ಅಂಕ ಪಡೆದ ವಾದವೇ ಮರುದಿನದಿಂದ ಕಾನೂನು.

ಊರಿಗೆ ಸೇರಿದ, ಹೊಳೆಯ ನಡುವಿನ ನಡುಗಡ್ಡೆಯ ಆಶಾ ಕಾರ್ಯಕರ್ತೆ ದಾಕ್ಷಾಯಣಿ ಈ ಸಲ ಪರೀಕ್ಷೆಗೆ ಕೂತಳು. ಪ್ರಶ್ನೆ ಒಂದೇ ಇತ್ತು: ನಡುಗಡ್ಡೆಯ ದೋಣಿಯನ್ನು ನಿಲ್ಲಿಸಬೇಕೇ? ಕೆಳಗೆ ಅಂಕಿಅಂಶ ಕೊಟ್ಟಿದ್ದರು: ‘ನೂರಕ್ಕೆ ತೊಂಬತ್ತೆರಡು ಮಂದಿಗೆ ದೋಣಿ ಬೇಡ.’ ಸುತ್ತಲಿನವರೆಲ್ಲ ಅದನ್ನು ಮೊದಲ ಸಾಲಿಗೇ ಇಳಿಸಿಕೊಂಡು ಬರೆಯತೊಡಗಿದರು. ಕಳೆದ ತಿಂಗಳಷ್ಟೇ ದಿನ ತುಂಬಿದ ಮೂವರು ಬಸುರಿಯರನ್ನು ಅದೇ ದೋಣಿಯಲ್ಲಿ ಆಸ್ಪತ್ರೆಗೆ ದಾಟಿಸಿದ್ದ ದಾಕ್ಷಾಯಣಿಗೆ ಮಾತ್ರ ಆ ಅಂಕಿ ಗಂಟಲಲ್ಲಿ ಇಳಿಯಲಿಲ್ಲ.

ಅವಳು ಮೇಲ್ವಿಚಾರಕರನ್ನು ಕರೆದಳು. “ಸರ, ಇದನ್ನ ಯಾರಿಗೆ ಕೇಳ್ಯಾರ? ಎಲ್ಲಿ ಕೇಳ್ಯಾರ?”

“ಕೊಟ್ಟ ಅಂಕಿ ಬಳಸು ತಂಗಿ. ಕೆದಕಿದ್ರ ಮಾರ್ಕ್ಸ್ ಹೋಗ್ತಾವ.”

“ಹೋದ್ರ ಹೋಗ್ಲಿ. ನೋಡೋ ಹಕ್ಕೈತಲ್ರಿ?”

ಅವರು ಹುಬ್ಬು ಗಂಟಿಕ್ಕಿಕೊಂಡೇ ಸಮೀಕ್ಷೆಯ ಕಡತ ತಂದು ಕೊಟ್ಟರು. ಐನೂರು ಜನರನ್ನು ಕೇಳಿದ್ದರು, ಅಷ್ಟೂ ಜನರನ್ನು ಪೇಟೆಯ ಬಸ್ ನಿಲ್ದಾಣದಲ್ಲಿ. ನಡುಗಡ್ಡೆಯ ಒಬ್ಬರ ಹೆಸರೂ ಅದರಲ್ಲಿರಲಿಲ್ಲ.

‘ಬಸ್ಸಿಗೆ ಕಾಯುವವರಿಗೆ ದೋಣಿ ಯಾಕೆ ಬೇಕು?’ ಎಂದು ದಾಕ್ಷಾಯಣಿ ಪ್ರಬಂಧ ಶುರುಮಾಡಿದಳು.

ಸಂಜೆ ಫಲಿತಾಂಶ ಬಂತು. ಉಳಿದವರ ವಾದವೆಲ್ಲ ಆ ಅಂಕಿಯ ಮೇಲೇ ನಿಂತಿತ್ತು; ಅದು ಬಿದ್ದಮೇಲೆ ಅವಳೇ ಮೊದಲಿಗಳು. ಹೊಸ ಕಾನೂನು ಹೀಗಿತ್ತು: ನಡುಗಡ್ಡೆಯವರನ್ನು ಕೇಳುವವರೆಗೆ ದೋಣಿ ನಿಲ್ಲಿಸಕೂಡದು.

ಮರುದಿನ ಬೆಳಿಗ್ಗೆ ಸಮೀಕ್ಷೆಯವನು ನಡುಗಡ್ಡೆಯ ದಡದಲ್ಲಿ ಹಾಜರಿದ್ದ. ಜನ ಸಾಲುಗಟ್ಟಿ ಉತ್ತರ ಕೊಟ್ಟು ದೋಣಿ ಹತ್ತಿದರು. ದಾಕ್ಷಾಯಣಿ ಹತ್ತಲಿಲ್ಲ. ಅವನ ಪಕ್ಕದ ಕಲ್ಲಿನ ಮೇಲೆ ಕೂತು, ಜನ ಹೇಳಿದ್ದನ್ನೇ ಬರೆಯುತ್ತಾನೋ ಇಲ್ಲವೋ ಎಂದು ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು.